ಮ್ಯಾನೇಜರರ ಮಿಂಟ್ ಜುಲೆಪ್

ಎಲ್ಲ ಅನಾಹುತಕ್ಕೂ ಮೂಲ ಶುಕ್ರವಾರ ಊಟದ ಹೊತ್ತಿನಲ್ಲಿ ಬಾಯಿಂದ ಜಾರಿದ ಒಂದು ಮಾತು. ಸೆಂಟು ಕಾರ್ಖಾನೆಯ ಮ್ಯಾನೇಜರರು ಎಂದೋ ಒಮ್ಮೆ ಹಡಗಿನಲ್ಲಿ ಕುಡಿದಿದ್ದ ಮಿಂಟ್ ಜುಲೆಪ್ ಎಂಬ ಪಾನೀಯವನ್ನು ಕಣ್ಣು ಮುಚ್ಚಿಕೊಂಡು ಬಣ್ಣಿಸುತ್ತಿದ್ದರು. ಬರ್ಬನ್ ವಿಸ್ಕಿ, ಪುದೀನ, ಸಕ್ಕರೆ ಪಾಕ, ಪುಡಿಪುಡಿ ಮಾಡಿದ ಐಸು. "ಅದನ್ನ ಮಾಡೋ ಕೈ ಈ ಊರಲ್ಲಿ ಒಂದೂ ಇಲ್ಲ ಕಣ್ರಿ" ಎಂದು ನಿಟ್ಟುಸಿರಿಟ್ಟರು.

"ಅದೇನು ಮಹಾ ಸರ್, ನಾನು ಮನೇಲೇ ಮಾಡ್ತೀನಿ" ಎಂದುಬಿಟ್ಟ ಲೇಬಲ್ ವಿಭಾಗದ ಗುಮಾಸ್ತ.

ಕೆಮ್ಮಿನ ಔಷಧಿಗಿಂತ ಖಾರವಾದದ್ದು ಅವನ ಗಂಟಲಲ್ಲಿ ಇಳಿದದ್ದೇ ಇಲ್ಲ. ಆದರೇನು, ಉಗ್ರಾಣದ ಮೇಲ್ವಿಚಾರಕನ ಜಾಗ ಖಾಲಿ ಬಿದ್ದಿತ್ತು. ಅದರ ಮೇಲೆ ಕಣ್ಣಿಟ್ಟಿದ್ದ ಇನ್ನೊಬ್ಬ, ಎಲ್ಲರೂ 'ಕನ್ನಡಕ' ಎಂದೇ ಕರೆಯುತ್ತಿದ್ದ ಸಹೋದ್ಯೋಗಿ, ಮ್ಯಾನೇಜರರ ಪಕ್ಕದಲ್ಲೇ ಹಲ್ಲು ಕಿರಿಯುತ್ತ ಕೂತಿದ್ದ. ಲೇಬಲ್ ವಿಭಾಗದಲ್ಲಿ ದಿನವೆಲ್ಲ ನಿಂತೇ ಕೆಲಸ. ಸಂಜೆಗೆ ಗುಮಾಸ್ತನ ಕಾಲು ಊದಿಕೊಂಡು ಚಪ್ಪಲಿಯೊಳಗೆ ಹೋಗಲು ಒಪ್ಪುತ್ತಿರಲಿಲ್ಲ. ಉಗ್ರಾಣದಲ್ಲಾದರೋ ಕುರ್ಚಿಯಿತ್ತು. ಕೈಯಿದ್ದ, ಮೆತ್ತೆಯಿದ್ದ, ತಿರುಗುವ ಕುರ್ಚಿ.

"ಹೌದೇನ್ರೀ? ಹಾಗಾದ್ರೆ ಭಾನುವಾರ ಸಂಜೆ ನಿಮ್ಮನೆಗೇ ಬರ್ತೀನಿ. ನಿಮ್ಮ ಹತ್ರ ಒಂದು ಮುಖ್ಯವಾದ ವಿಷಯ ಮಾತಾಡೋದೂ ಇದೆ" ಎಂದರು ಮ್ಯಾನೇಜರ್. ಕನ್ನಡಕದ ಮುಖ ಸಪ್ಪಗಾಯಿತು.

ಶನಿವಾರ ಅವನು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಊರಾಚೆಯ ಅಂಗಡಿಗೆ ಹೋಗಿ, ಕಳ್ಳನ ಹಾಗೆ ಒಂದು ಬರ್ಬನ್ ಬಾಟಲಿ ತಂದ. ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಹೆಂಡತಿ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತಳು.

"ಮಾಡೋದು ಮಾಡಿ. ಆದ್ರೆ ಒಂದು ತೊಟ್ಟು ನಿಮ್ಮ ನಾಲಿಗೆಗೆ ತಾಗಿದ್ರೂ ಇವತ್ತು ನಿಮ್ಮ ಹಾಸಿಗೆ ಮೆಟ್ಟಿಲ ಮೇಲೆ."

"ರುಚಿ ನೋಡದೆ ಹೇಗೇ ಮಾಡೋದು?"

"ಅದು ನಿಮ್ಮ ತಲೆನೋವು."

ಗುಮಾಸ್ತ ಪುದೀನವನ್ನು ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬಿದ. ಅದಕ್ಕೆ ಪಾಕ, ಬರ್ಬನ್ ಸುರಿದಾಗ ಲೋಟದಲ್ಲಿ ಕಂಡದ್ದು ಪಾಚಿ ಕಟ್ಟಿದ ಕೊಳ. ಅಷ್ಟರಲ್ಲಿ ಮಹಡಿ ಮನೆಯ ನಿವೃತ್ತ ಕಾಂಪೌಂಡರ್ ತೆರೆದ ಬಾಗಿಲಿನಿಂದ ಮೂಗು ತೂರಿಸಿದರು. ಆ ಕಟ್ಟಡದಲ್ಲಿ ಯಾರ ಮನೆಯಲ್ಲಿ ಏನು ಕುದಿದರೂ ಅವರಿಗೆ ಮೊದಲು ಗೊತ್ತಾಗುತ್ತಿತ್ತು.

"ಏನಯ್ಯಾ ಇದು, ಪುದೀನ ಅರೆದು ಕೊಂದುಬಿಟ್ಟಿದ್ದೀಯಲ್ಲ! ಅದನ್ನ ಸೌಟಿನ ಹಿಂಭಾಗದಿಂದ ಸುಮ್ನೆ ಒತ್ತಬೇಕು, ಕಹಿ ಬಿಡಬಾರದು. ಮೂವತ್ತು ವರ್ಷ ಮಿಕ್ಸ್ಚರ್ ಕಲಸಿದ ಕೈ ಇದು. ಸರಿ, ಎಲ್ಲಿ, ರುಚಿ ನೋಡೋಣ."

ರುಚಿ ನೋಡಲು ದೇವರೇ ಒಬ್ಬರನ್ನು ಕಳಿಸಿದ ಎಂದು ಗುಮಾಸ್ತ ಹಿಗ್ಗಿದ. ಕಾಂಪೌಂಡರ್ ಕೊಳವನ್ನು ಪೂರ್ತಿ ಕುಡಿದು, ಮುಖ ಕಿವುಚಿ, "ಥೂ, ಚೆನ್ನಾಗಿಲ್ಲ. ಇನ್ನೊಂದು ಮಾಡು" ಎಂದರು.

ಈಗ ಐಸಿನ ಸರದಿ. ಟವೆಲಿನಲ್ಲಿ ಸುತ್ತಿ ಸುತ್ತಿಗೆಯಿಂದ ಬಡಿದದ್ದೇ ತಡ, ಕೆಳಗಿನ ಮನೆಯ ದರ್ಜಿ ಕೊರಳಲ್ಲಿ ಟೇಪು ನೇತಾಡಿಸಿಕೊಂಡು ಹಾರಿ ಬಂದ.

"ಸ್ವಾಮಿ, ನನ್ನ ತಲೆ ಮೇಲೆ ಗೋಡೆ ಒಡೀತಿದ್ದೀರಾ? ಮದುವಣಿಗನ ಕೋಟಿನ ತೋಳು ಸೊಟ್ಟಗೆ ಹೊಲಿದುಬಿಟ್ಟೆ!"

"ಬಾರಯ್ಯ, ಕೂತ್ಕೋ, ಕೋಪ ಇಳಿಯುತ್ತೆ" ಎಂದು ಕಾಂಪೌಂಡರ್ ಎರಡನೆಯ ಲೋಟವನ್ನು ಅವನ ಕೈಗಿತ್ತರು. ಕೋಪ ಇಳಿಯಿತು. ದರ್ಜಿ ಮಾತ್ರ ಮೇಲೇಳಲಿಲ್ಲ.

ಆಮೇಲೆ ಶುರುವಾದದ್ದು ಪಾಕದ ಜಗಳ. ಸಿಹಿ ಸಾಲದು ಎಂದು ಕಾಂಪೌಂಡರ್, ಸಿಹಿ ಜಾಸ್ತಿ ಎಂದು ದರ್ಜಿ. ಒಬ್ಬರ ಮಾತು ನಿಜವೋ ಎಂದು ನೋಡಲು ಇನ್ನೊಬ್ಬರಿಗೆ ಒಂದು ಲೋಟ, ಆ ತೀರ್ಪನ್ನು ಪರೀಕ್ಷಿಸಲು ಮೊದಲಿನವರಿಗೆ ಮತ್ತೊಂದು. ಗುಮಾಸ್ತ ಬೆವರು ಒರೆಸಿಕೊಳ್ಳುತ್ತ ಪುದೀನ ಒತ್ತಿದ, ಐಸು ಬಡಿದ, ಪಾಕ ಸುರಿದ. ಕೊನೆಗೆ ಕಾಂಪೌಂಡರ್ ಎದ್ದು ನಿಂತು, ದರ್ಜಿಯನ್ನು ಅಪ್ಪಿಕೊಂಡು, "ಇದು... ಇದೇ ಸರಿಯಾದ ಹದ!" ಎಂದು ಘೋಷಿಸಿದರು.

ಗುಮಾಸ್ತನಿಗೆ ಹೋದ ಜೀವ ಬಂದಂತಾಯಿತು. ಬಾಟಲಿ ಎತ್ತಿ ನೋಡಿದ. ಬಂದ ಜೀವ ಮತ್ತೆ ಹೋಯಿತು. ಒಳಗೆ ಒಂದು ಹನಿಯೂ ಇರಲಿಲ್ಲ.

"ಅಯ್ಯೋ, ಮ್ಯಾನೇಜರ್ ಬರೋ ಹೊತ್ತಾಯ್ತು! ಊರಾಚೆ ಹೋಗಿ ಬರೋಕೆ ಎಲ್ಲಿದೆ ಸಮಯ? ನನ್ನ ಕುರ್ಚಿ ಹೋಯ್ತು ಕಣೇ!" ಎಂದು ಅವನು ಗೋಡೆಗೊರಗಿ ಕುಸಿದ.

ಹೆಂಡತಿ ಒಲೆ ಹಚ್ಚಿ ಹಾಲಿಲ್ಲದ ಕಡು ಚಹಾ ಕುದಿಸಿದಳು. ಗಂಟಲು ಸುಡಲೆಂದು ಒಣಶುಂಠಿ, ಮೆಣಸಿನ ಪುಡಿ ಹಾಕಿದಳು. ಸೋಸಿ, ಐಸಿನಲ್ಲಿಟ್ಟು ತಣಿಸಿ, ಬರ್ಬನ್ ಬಾಟಲಿಗೆ ತುಂಬಿದಳು. ಬಣ್ಣ ಅದೇ.

"ವಾಸನೆ?" ಎಂದ ಗುಮಾಸ್ತ.

"ನಿಮ್ಮ ಕಾರ್ಖಾನೆಯವರಿಗೆ ಮೂಗೆಲ್ಲಿದೆ? ಮೊನ್ನೆ ಹಾಲು ಸೀದು ಬೀದಿಯವರೆಲ್ಲ ಓಡಿ ಬಂದ್ರೂ ನೀವು ಇಲ್ಲೇ ಕೂತು ಪೇಪರ್ ಓದ್ತಿದ್ರಿ."

ಅದು ನಿಜವೇ ಆಗಿತ್ತು. ವರ್ಷಗಟ್ಟಲೆ ಮಲ್ಲಿಗೆ, ಗಂಧ, ಗುಲಾಬಿಗಳ ಮಧ್ಯೆ ಬಾಳಿದ ಯಾರ ಮೂಗೂ ಅಲ್ಲಿ ನೆಟ್ಟಗಿರಲಿಲ್ಲ. ದಂಪತಿಗಳು ಕಾಂಪೌಂಡರ್ ಮತ್ತು ದರ್ಜಿಯನ್ನು ಮಲಗುವ ಕೋಣೆಗೆ ನೂಕಿ ಚಿಲಕ ಹಾಕುವುದಕ್ಕೂ ಕರೆಗಂಟೆ ಸದ್ದಾಗುವುದಕ್ಕೂ ಸರಿಹೋಯಿತು.

ಮ್ಯಾನೇಜರರು ಕೂತರು. ಗುಮಾಸ್ತ ಅವರ ಕಣ್ಣೆದುರೇ ಪುದೀನ ಒತ್ತಿದ, ಪಾಕ ಸುರಿದ, ಐಸು ತುಂಬಿದ, ಬಾಟಲಿ ಬಗ್ಗಿಸಿದ. ಮಧ್ಯಾಹ್ನವೆಲ್ಲ ಅದನ್ನೇ ಮಾಡಿದ್ದ ಕೈ ನೋಡದೆಯೇ ಓಡಾಡುತ್ತಿತ್ತು. ಮ್ಯಾನೇಜರರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿಕೊಂಡರು. ಗುಮಾಸ್ತನಿಗೆ ಎದ್ದು ಓಡಿಹೋಗಬೇಕು ಅನ್ನಿಸಿತು.

"ಆಹಾ!" ಎಂದರು ಮ್ಯಾನೇಜರ್. "ಅದೇ! ಹಡಗಿನಲ್ಲಿ ಕುಡಿದದ್ದೇ! ಏನು ಖಡಕ್ಕು ಮಾರಾಯರೇ!"

ಮೂರನೆಯ ಲೋಟಕ್ಕೆ ಅವರ ಟೈ ಸಡಿಲವಾಯಿತು, ಕಣ್ಣು ತೇಲಿತು, ನಾಲಿಗೆ ತೊದಲಿತು. ಒಳಗಿನಿಂದ ದರ್ಜಿಯ ಗೊರಕೆ ಕೇಳಿದಾಗ "ಎಂಥ ಒಳ್ಳೆ ಸಂಗೀತ" ಎಂದು ತಲೆದೂಗಿದರು. ಹೆಂಡತಿ ಬಾಗಿಲ ಸಂದಿಯಿಂದ ಗಂಡನಿಗೆ ಕಣ್ಣು ಮಿಟುಕಿಸಿದಳು. ಗುಮಾಸ್ತನಿಗೆ ಆಗಲೇ ಬೆನ್ನ ಹಿಂದೆ ಮೆತ್ತೆ ತಗುಲಿದಂತಾಯಿತು.

"ಸರ್, ಏನೋ ಮುಖ್ಯವಾದ ವಿಷಯ ಅಂದಿದ್ರಿ..."

"ಹೂಂ. ಉಗ್ರಾಣದ ಕೆಲಸ. ಅದನ್ನ ನಿಮಗೇ ಕೊಡಬೇಕು ಅಂತ ತೀರ್ಮಾನ ಮಾಡಿದ್ದೆ ಕಣ್ರಿ" ಎಂದು ಮ್ಯಾನೇಜರರು ಅವನ ಭುಜದ ಮೇಲೆ ಕೈಯಿಟ್ಟರು. ಅವರ ಕಣ್ಣಲ್ಲಿ ನೀರು ಬಂದಿತ್ತು. "ಆದ್ರೆ ಆ ಉಗ್ರಾಣದಲ್ಲಿ ಏನಿದೆ ಹೇಳಿ? ಸೆಂಟಿಗೆ ಬೆರೆಸೋ ಸ್ಪಿರಿಟ್ಟು. ಪೀಪಾಯಿಗಟ್ಟಲೆ! ಹಿಂದೆ ಇದ್ದವನು ಅದನ್ನೇ ಹೀರಿ ಮನೆಗೆ ಹೋದ. ನೀವು ಮಾಡ್ತೀನಿ ಅಂದಾಗ ಬರೀ ಬಾಯಿಮಾತು ಅಂದ್ಕೊಂಡಿದ್ದೆ, ನೋಡೇಬಿಡೋಣ ಅಂತ ಬಂದೆ. ಈಗ ಕಣ್ಣಾರೆ ಕಂಡೆನಲ್ಲ! ಕಣ್ಣು ಮುಚ್ಚಿ ಕಲಸ್ತೀರಿ ನೀವು. ಹತ್ತಿಪ್ಪತ್ತು ವರ್ಷ ಕುಡಿದು ಪಳಗದೆ ಈ ಕೈ ಬರೋದಿಲ್ಲ. ಇಂಥ ಕೈಗೆ ಆ ಬೀಗದ ಕೈ ಹೇಗೆ ಕೊಡ್ಲಿ? ಕನ್ನಡಕಕ್ಕೇ ಕೊಡ್ತೀನಿ. ಪಾಪ, ಅವನು ಬಿಸಿನೀರು ಬಿಟ್ಟು ಬೇರೇನೂ ಮುಟ್ಟೋದಿಲ್ಲ."

ಗುಮಾಸ್ತ ಬಾಯಿ ತೆರೆದ. ಇದು ಬರೀ ಚಹಾ ಸರ್, ನಾನು ಹುಟ್ಟಿದ ಮೇಲೆ ಒಂದು ತೊಟ್ಟೂ ಕುಡಿದವನಲ್ಲ ಎಂಬ ಮಾತು ತುಟಿಯ ತನಕ ಬಂತು. ಎದುರಿಗೆ ಅದೇ ಚಹಾ ಕುಡಿದು ಓಲಾಡುತ್ತ ಕೂತಿದ್ದ ಮ್ಯಾನೇಜರರನ್ನು ನೋಡಿದ. ಈ ಮಾತು ಆಡಿದರೆ ಕುರ್ಚಿಯಿರಲಿ, ನಿಂತು ಮಾಡುವ ಕೆಲಸವೂ ಉಳಿಯುವುದಿಲ್ಲ ಎಂದು ಹೊಳೆಯಿತು. ಬಾಯಿ ಮುಚ್ಚಿದ.

"ಸ್ವಲ್ಪ ಹಿಡ್ಕೊಳ್ರೀ, ನೆಲ ತಿರುಗ್ತಾ ಇದೆ" ಎಂದು ಮ್ಯಾನೇಜರರು ಎದ್ದು ತಮ್ಮ ಭಾರವನ್ನೆಲ್ಲ ಅವನ ಹೆಗಲಿಗೆ ಹಾಕಿದರು. ಊದಿದ ಕಾಲಿನ ಗುಮಾಸ್ತ ಒಂದೊಂದೇ ಮೆಟ್ಟಿಲು ಇಳಿಸಿಕೊಂಡು ಅವರನ್ನು ಕಾರಿನವರೆಗೆ ತಂದ. ಹಿಂದಿನ ಸೀಟಿನಲ್ಲಿ ಒರಗಿಕೊಂಡು ಅವರು ಅವನ ಕೈ ಹಿಡಿದು ಕೇಳಿದರು.

"ನಾಳೆ ಬೆಳಿಗ್ಗೆ ತಲೆ ಸಿಡಿಯುತ್ತೆ ಕಣ್ರಿ. ನಿಮ್ಮಂಥ ಪಳಗಿದವರು ಅದಕ್ಕೆ ಏನು ಕುಡೀತೀರಿ?"

"ಚಹಾ ಸರ್" ಎಂದ ಗುಮಾಸ್ತ ಅಳುವ ದನಿಯಲ್ಲಿ. "ಬರೀ ಚಹಾ."