ಸೋತವನೇ ಮೊದಲು ಫೋನ್ ಮಾಡಬೇಕು

ನಮ್ಮ ಚಿಕ್ಕಪ್ಪನಿಗೆ ಸೋಲುವುದು ಬಹಳ ಚೆನ್ನಾಗಿ ಬರುತ್ತದೆ. ಗೆಲ್ಲುವುದೇ ಬರುವುದಿಲ್ಲ. ಹೊಟ್ಟೆಕಿಚ್ಚಿಗೆ ಹೇಳುತ್ತಿರುವ ಮಾತಲ್ಲ ಇದು. ಅವನ ಎದುರಿಗೇ ನೂರು ಸಲ ಹೇಳಿದ್ದೇನೆ, ಅವನೂ ಹೌದೆಂದು ತಲೆಯಾಡಿಸಿದ್ದಾನೆ.

ಕ್ಯಾತನಹಳ್ಳಿಯಲ್ಲಿ ಎರಡೆಕರೆ ಕಬ್ಬು, ಮೂರು ಸೀಮೆಹಸು ಇಟ್ಟುಕೊಂಡು ನೆಮ್ಮದಿಯಾಗಿರುವ ಮನುಷ್ಯನಿಗೆ ಸೋಲುವುದಕ್ಕೇನಿದೆ ಎನ್ನುತ್ತೀರಾ? ಫುಟ್‌ಬಾಲ್ ಇದೆಯಲ್ಲ ಸ್ವಾಮಿ! ಸಮುದ್ರದಾಚೆ ಯಾವುದೋ ಊರಿನಲ್ಲಿ ಕೆಂಪಂಗಿ ಹಾಕಿಕೊಂಡು ಓಡಾಡುವ ಹನ್ನೊಂದು ಜನ ಅವನಿಗೆ ಮನೆ ಮಕ್ಕಳಿಗಿಂತ ಹೆಚ್ಚು. ಅವರು ಸೋತರೆ ಅವನು ತಲೆಗೆ ಸ್ನಾನ ಮಾಡುತ್ತಾನೆ. ಸಾವಿನ ಮನೆಗೆ ಹೋಗಿ ಬಂದವರ ಹಾಗೆ ಯಾರನ್ನೂ ಮುಟ್ಟದೆ ನೇರ ಬಚ್ಚಲಿಗೆ ಹೋಗಿ, ನಾಲ್ಕು ಚೆಂಬು ಸುರಿದುಕೊಂಡು, ಒದ್ದೆ ಟವೆಲ್ಲಿನಲ್ಲೇ ದೇವರಿಗೆ ಕೈಮುಗಿದರೆ ಆ ಸೋಲಿನ ಸೂತಕ ಕಳೆದ ಹಾಗೆ. ಕೆಂಪಂಗಿಯವರು ಒಂದು ಗೋಲು ಹಿಂದೆ ಬಿದ್ದರೆ ಸಾಕು, ಚಿಕ್ಕಮ್ಮ ಎದ್ದು ಹೋಗಿ ಹಂಡೆ ಒಲೆಗೆ ಕಬ್ಬಿನ ತರಗು ತುರುಕಿ ಬೆಂಕಿ ಹಚ್ಚುತ್ತಾಳೆ. ಊರಿನವರು ಸ್ಕೋರು ಕೇಳುವುದಕ್ಕೆ ಮನೆಗೆ ಬರುವುದೇ ಇಲ್ಲ. ಡೈರಿ ಮುಂದೆ ನಿಂತು ಚಿಕ್ಕಪ್ಪನ ಬಚ್ಚಲ ಹೊಗೆ ನೋಡುತ್ತಾರೆ.

ಈ ಹುಚ್ಚು ಹತ್ತಿದ್ದು ಶ್ರೀರಂಗಪಟ್ಟಣದ ಒಂದು ಟೈಲರ್ ಅಂಗಡಿಯಲ್ಲಿ. ಚಿಕ್ಕಪ್ಪನ ಮದುವೆ ಅಂಗಿಯಿಂದ ಹಿಡಿದು ಇವತ್ತಿನವರೆಗೆ ಅವನ ಮೈಮೇಲೆ ಬಿದ್ದಿರುವುದೆಲ್ಲ ಅಲ್ಲಿಯ ಭಾಯ್ ಹೊಲಿದದ್ದೇ. ಹದಿನೈದು ವರ್ಷದ ಹಿಂದೆ ಒಂದು ದಿನ ಅಂಗಿ ಇನ್ನೂ ಆಗಿಲ್ಲವೆಂದು ಭಾಯ್ ಅವನನ್ನು ಸ್ಟೂಲಿನ ಮೇಲೆ ಕೂರಿಸಿದ. ಅಂಗಡಿಯ ಟಿವಿಯಲ್ಲಿ ಫುಟ್‌ಬಾಲ್ ಬರುತ್ತಿತ್ತು. ನೀಲಿ ಅಂಗಿಯವರು ನಮ್ಮವರು ಎಂದ ಭಾಯ್. ಚಿಕ್ಕಪ್ಪ ಹಿಂದುಮುಂದು ನೋಡದೆ ಹಾಗಾದರೆ ನಾನು ಕೆಂಪಂಗಿಯವರ ಕಡೆ ಎಂದುಬಿಟ್ಟ. ಯಾಕಪ್ಪ ಎಂದು ನಾನು ಆಮೇಲೆ ಕೇಳಿದ್ದಕ್ಕೆ, ಇಬ್ಬರೂ ಒಂದೇ ಕಡೆ ಆದರೆ ಮಾತಾಡುವುದಕ್ಕೆ ಏನು ಉಳಿಯುತ್ತದೆ ಎಂದು ನನ್ನನ್ನೇ ಕೇಳಿದ!

ಆಟದ ಕಾನೂನೆಲ್ಲ ಅವನು ಕಲಿತದ್ದು ತನ್ನದೇ ದಾರಿಯಲ್ಲಿ. ಆಫ್‌ಸೈಡು ಎಂದರೇನೆಂದು ಪಾಂಡವಪುರದ ನನ್ನ ಮನೆಗೆ ಬಂದಾಗ ಅವನೇ ನನಗೆ ಪಾಠ ಮಾಡಿದ. "ನಾಲೆ ನೀರು ಬುಡೋಕ್ ಮುಂಚೇನೇ ನೀನು ಗುದ್ದಲಿ ಇಡ್ಕಂಡು ಮುಂದ್ಲೋನ್ ಗದ್ದೆ ದಾಟಿ ನಿಂತ್ಕಂಡ್ರೆ ನೀರುಗಂಟಿ ಸುಮ್ಕಿರ್ತಾನಾ? ಅದೇ ಕಣ್ಲಾ ಆಫ್‌ಸೈಡು." ಇಷ್ಟು ಚೆನ್ನಾಗಿ ನನಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕೆಂಪಂಗಿಯನ್ನೂ ಅವನು ಭಾಯ್ ಹತ್ತಿರವೇ ಹೊಲಿಸಿದ. ನೀಲಿಯವನ ಕೈಯಲ್ಲಿ ಕೆಂಪಂಗಿ ಹೊಲಿಸುವವನು ಇನ್ನೆಲ್ಲಾದರೂ ಸಿಕ್ಕಾನೇ? ಭಾಯ್ ಮರುಮಾತಾಡದೆ ಹೊಲಿದುಕೊಟ್ಟ. ಎರಡು ವರ್ಷವಾದ ಮೇಲೆ ಚಿಕ್ಕಮ್ಮ ಅದನ್ನು ತಿರುವಿ ಹಾಕಿ ಒಗೆಯುವಾಗ ನೋಡಿದರೆ ಒಳಗಿನ ಹೊಲಿಗೆಯೆಲ್ಲ ನೀಲಿ ದಾರ! ಅಷ್ಟೂ ದಿನ ಚಿಕ್ಕಪ್ಪ ಎದುರಾಳಿಯ ದಾರವನ್ನು ಮೈಗೆ ಅಂಟಿಸಿಕೊಂಡು ಕೆಂಪಂಗಿಯವರಿಗೆ ಜೈ ಎನ್ನುತ್ತಿದ್ದ. ಸೋಲಿಗೆಲ್ಲ ಇದೇ ಕಾರಣ ಎಂದು ಒಂದು ವಾರ ಕೂಗಾಡಿದನೇ ಹೊರತು ದಾರ ಬಿಚ್ಚಿಸಲಿಲ್ಲ.

ಇವರಿಬ್ಬರ ನಡುವೆ ಒಂದು ಕಟ್ಟಳೆಯಿತ್ತು. ಕೆಂಪು, ನೀಲಿ ಎದುರುಬದುರಾದ ದಿನ ಆಟ ಮುಗಿದ ಕೂಡಲೇ ಸೋತವನೇ ಮೊದಲು ಫೋನ್ ಮಾಡಬೇಕು. ಮಾಡಿ, ನಿಮ್ಮವರೇ ಚೆನ್ನಾಗಿ ಆಡಿದರು ಎಂದು ಬಾಯಿಬಿಟ್ಟು ಹೇಳಬೇಕು. ಗೆದ್ದವನು ತಾನಾಗಿ ಫೋನ್ ಮುಟ್ಟುವ ಹಾಗಿಲ್ಲ, ಅದು ಕೆಣಕಿದ ಹಾಗಾಗುತ್ತದೆ. ಹದಿನೈದು ವರ್ಷದಲ್ಲಿ ಇದು ಒಂದು ಸಲವೂ ತಪ್ಪಿರಲಿಲ್ಲ. ಹೆಚ್ಚು ಸಲ ಫೋನ್ ಮಾಡಿದವನು ಯಾರೆಂದು ನಾನು ಬೇರೆ ಹೇಳಬೇಕೇ?

ಈ ವರ್ಷ ಭಾಯ್‌ಗೆ ಗಂಟಲಲ್ಲಿ ಗಡ್ಡೆಯಾಯಿತು. ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಮಾಡಿ ತೆಗೆದರು. ಜೀವಕ್ಕೆ ಭಯವಿಲ್ಲ, ಆದರೆ ಮಾತು ತಿರುಗಿ ಬರುತ್ತದೋ ಇಲ್ಲವೋ ಹೇಳಲಾಗದು ಎಂದರು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಚಿಕ್ಕಪ್ಪ ನೋಡಲು ಹೋದಾಗ ಭಾಯ್ ಗೋಡೆಯ ಕಡೆ ತಿರುಗಿ ಮಲಗಿದ್ದನಂತೆ. ಯಾರು ಬಂದರೂ ಏಳುವುದಿಲ್ಲ, ಅಂಗಡಿ ಬಾಗಿಲು ತೆಗೆದಿಲ್ಲ, ಫೋನ್ ಮುಟ್ಟುವುದಿಲ್ಲ ಎಂದು ಅವನ ಹೆಂಡತಿ ಹೇಳಿದರಂತೆ.

ಸರಿಯಾಗಿ ಆ ಹೊತ್ತಿಗೇ ಬರಬೇಕೇ ಆ ಪಂದ್ಯ! ಕೆಂಪು, ನೀಲಿ ಎರಡರಲ್ಲಿ ಯಾರು ಗೆದ್ದರೆ ಅವರಿಗೇ ಈ ವರ್ಷದ ಕಪ್ ಎನ್ನುವ ಪಂದ್ಯ. ಚಿಕ್ಕಪ್ಪನಿಗೆ ಏನು ಬೇಡಿಕೊಳ್ಳಬೇಕೆಂದೇ ತಿಳಿಯಲಿಲ್ಲ. ಕಪ್ ಬೇಕು, ಹದಿನೈದು ವರ್ಷ ಕಾದಿದ್ದಾನೆ. ಆದರೆ ಹಾಸಿಗೆ ಹಿಡಿದ ಭಾಯ್ ಸೋಲಬಾರದು. ಕೊನೆಗೆ ಆಂಜನೇಯನ ಗುಡಿಗೆ ಹೋಗಿ ಇಬ್ಬರೂ ಸೋಲದ ಹಾಗೆ ನೋಡಿಕೋ ಎಂದು ಅರ್ಚನೆ ಮಾಡಿಸಿದ. ಯಾರ ಹೆಸರಿಗೆ ಎಂದು ಪೂಜಾರಿ ಕೇಳಿದ್ದಕ್ಕೆ, "ಎರಡೂ ಕಡೇರಿಗೂ ಸೇರಿಸ್ಕಂಡು ಮಾಡ್ಬುಡಿ ಸ್ವಾಮಿ" ಎಂದನಂತೆ.

ಭಾನುವಾರ ಸಂಜೆ ನಾನೂ ಅಲ್ಲೇ ಇದ್ದೆ. ಡೈರಿಗೆ ಹಾಲು ಹಾಕಿ ಬಂದು ಟಿವಿ ಮುಂದೆ ಕೂತೆವು. ನೀಲಿಯವರು ಮೊದಲು ಗೋಲು ಹೊಡೆದರು. ಚಿಕ್ಕಪ್ಪನ ಮುಖ ಅರಳಿತು. ಅರಳಿದ್ದು ತಪ್ಪೆಂದು ಹೊಳೆದು ಬಾಡಿತು. ಬಾಡಿದ್ದೂ ತಪ್ಪೆನ್ನಿಸಿ ಮತ್ತೆ ಅರಳಿತು. ಚಿಕ್ಕಮ್ಮ ಅದನ್ನು ನೋಡಿ, ಇವರಿಗೆ ಹೊಟ್ಟೆಯಲ್ಲೇನಾದರೂ ಸಂಕಟವೋ ಎಂದು ನನ್ನನ್ನು ಕೇಳಿ, ಹಂಡೆ ಒಲೆ ಹಚ್ಚಲು ಎದ್ದು ಹೋದಳು.

ಇನ್ನು ಐದು ನಿಮಿಷವಿರುವಾಗಲೂ ಒಂದು ಸೊನ್ನೆಯೇ. ಚಿಕ್ಕಪ್ಪ ನಿಟ್ಟುಸಿರು ಬಿಟ್ಟು, ಭಾಯ್ ಗೆದ್ದ ಬಿಡು ಎಂದು ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ಬಚ್ಚಲಿಗೆ ನಡೆದ. ಮೊದಲ ಚೆಂಬು ನೀರಿನ ಸದ್ದಾಯಿತು. ಇಲ್ಲಿ ಕೆಂಪಂಗಿಯವರು ಗೋಲು ಹೊಡೆದರು! ನಾನು ಕೂಗಿದೆ. ಹಸು ಕಣ್ಣಿ ಕಿತ್ತುಕೊಂಡಿತೇನೋ ಎಂದುಕೊಂಡು ಅವನು, ಹಿಡಿದು ಕಟ್ಟೋ ಎಂದು ಒಳಗಿನಿಂದಲೇ ಕೂಗಿದ. ಅವನು ಕಣ್ಣಿನ ಸೋಪು ತೊಳೆದುಕೊಳ್ಳುವಷ್ಟರಲ್ಲಿ ಇನ್ನೊಂದು ಗೋಲು ಬಿತ್ತು. ರೆಫರಿ ಸೀಟಿ ಊದಿದ. ಎರಡು ಒಂದು. ಕಪ್ ಕೆಂಪಂಗಿಯವರದು!

ಚಿಕ್ಕಪ್ಪ ಟವೆಲ್ ಸುತ್ತಿಕೊಂಡು ಕಿವಿಯಲ್ಲಿ ನೊರೆ ಇಟ್ಟುಕೊಂಡೇ ಬಂದು ಟಿವಿ ನೋಡಿದ. ಕುಣಿಯುತ್ತಾನೆ ಎಂದುಕೊಂಡೆ. ಅವನು ನೆಲದ ಮೇಲೆ ನೀರು ಸುರಿಸಿಕೊಂಡು ಹಾಗೇ ನಿಂತಿದ್ದ.

"ನಾನಾಗ್ಲೇ ತಲೆಗ್ ನೀರಾಕ್ಕಂಡ್ಬುಟ್ನಲ್ಲಲಾ" ಎಂದ. "ಈಗ್ ಏನ್ ಮಾಡ್ಬೇಕು?"

ಅದು ನನಗಾದರೂ ಹೇಗೆ ಗೊತ್ತಿರಬೇಕು? ಸೋಲಿನ ಸ್ನಾನ ಮಾಡಿದ ಮೇಲೆ ಗೆಲುವು ಬಂದರೆ ಏನು ಮಾಡಬೇಕೆಂದು ಯಾವ ಶಾಸ್ತ್ರದಲ್ಲಿದೆ? ಅಷ್ಟರಲ್ಲಿ ಹೊಗೆ ನೋಡಿ ಬಂದ ಪಕ್ಕದ ಮನೆಯವನು ಬಾಗಿಲಲ್ಲೇ ನಿಂತು, ಬೇಜಾರು ಮಾಡ್ಕೋಬೇಡಣ್ಣ, ಮುಂದಿನ ಸಲ ನೋಡೋಣ ಎಂದು ಸಮಾಧಾನ ಹೇಳಿದ. ಚಿಕ್ಕಪ್ಪ ಅಭ್ಯಾಸಬಲದಿಂದ ಊಂ ಕಣಪ್ಪ ಎಂದುಬಿಟ್ಟ!

ಆಮೇಲೆ ಫೋನನ್ನು ಮೊಣಕಾಲ ಮುಂದಿಟ್ಟುಕೊಂಡು ಕೂತ. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಫೋನ್ ಬರಲಿಲ್ಲ. ಮಾತೇ ಬಾರದವರು ಎಲ್ಲಿ ಮಾಡುತ್ತಾರೆ, ನೀವೇ ಮಾಡಿ ಎಂದು ಚಿಕ್ಕಮ್ಮ ಹೇಳಿದಳು. ಅವನು ಕೈ ಚಾಚಿ, ಹಿಂದಕ್ಕೆಳೆದುಕೊಂಡು, ಮತ್ತೆ ಚಾಚಿದ.

"ಗೆದ್ದೋನು ಮೊದ್ಲು ಮಾಡಂಗಿಲ್ಲ ಕಣಮ್ಮಿ. ನಾನ್ ಮಾಡುದ್ರೆ, ನಿನ್ ಕೈಲಿ ಇನ್ ಆಗಕಿಲ್ಲ ಬುಡು ಅಂತ ನಾನೇ ಏಳ್ದಂಗಾಯ್ತದೆ."

ಆಗ ನನಗೆ ಅರ್ಥವಾಯಿತು. ಅವನು ಕಾಯುತ್ತಿದ್ದದ್ದು ಫಲಿತಾಂಶ ಕೇಳುವುದಕ್ಕಲ್ಲ. ಗೋಡೆಯ ಕಡೆ ತಿರುಗಿ ಮಲಗಿದ ಗೆಳೆಯ ಈ ಕಡೆ ತಿರುಗುತ್ತಾನೋ ಇಲ್ಲವೋ ಎಂದು ಕಾಯುತ್ತಿದ್ದ.

ಫೋನ್ ಬಡಿದುಕೊಂಡಿತು. ಭಾಯ್ ಹೆಸರು. ಚಿಕ್ಕಪ್ಪ ಒತ್ತಿ ಯಾವಾಗಿನ ಹಾಗೆ ಸ್ಪೀಕರಿಗೆ ಹಾಕಿದ. ಆ ಕಡೆಯಿಂದ ಉಸಿರಾಟ ಬಿಟ್ಟರೆ ಏನೂ ಕೇಳಲಿಲ್ಲ. ಆಮೇಲೆ ಏನೋ ತಡಕಾಡಿದ ಸದ್ದು. ಆಮೇಲೆ, ಹದಿನೈದು ವರ್ಷ ಆ ಸ್ಟೂಲಿನ ಮೇಲೆ ಕೂತವನಿಗೆ ಎಲ್ಲಿದ್ದರೂ ಗುರುತು ಸಿಗುವ ಸದ್ದು, ಟೈಲರ್ ಕತ್ತರಿಯದು. ಕಚ್, ಕಚ್. ಸ್ವಲ್ಪ ಬಿಟ್ಟು, ಕಚ್.

ಎರಡು. ಒಂದು.

ಚಿಕ್ಕಪ್ಪ ಅತ್ತುಬಿಟ್ಟ. ಟವೆಲ್ಲಿನ ತುದಿಯಿಂದ ಮುಖ ಒರೆಸಿಕೊಂಡು, ಫೋನಿನ ಹತ್ತಿರ ಬಾಯಿ ತಂದು, ಗೆದ್ದವನು ಎಂದೂ ಹೇಳಬಾರದ ಮಾತನ್ನು ಹೇಳಿದ.

"ನಿಮ್ಮೋರೇ ಚೆನ್ನಾಗಾಡುದ್ರು ಕಣೋ ಭಾಯ್. ನಾಳಿಕ್ ಬತ್ತೀನಿ, ಅಂಗಡಿ ಬಾಗ್ಲು ತಗ್ದಿರು. ನಂಗೊಂದ್ ಅಂಗಿ ಒಲೀಬೇಕು."

ಆ ಕಡೆ ಕತ್ತರಿ ಲೆಕ್ಕವಿಲ್ಲದೆ ಕಚಕಚನೆ ಆಡತೊಡಗಿತು. ಇದೇನು ಹೇಳುತ್ತಿದ್ದಾರೆ ಎಂದು ಚಿಕ್ಕಮ್ಮ ಗಾಬರಿಯಿಂದ ಕೇಳಿದಳು.

"ನಗ್ತಾವ್ನೆ ಕಣಮ್ಮಿ" ಎಂದ ಚಿಕ್ಕಪ್ಪ.