ದೊರೆಗಳ ಜಗ್ಗಿಗೆ ಹುಣಸೇಹುಳಿ

ಮಗಳು ಸುನಂದಳ ಮದುವೆಯಾದ ಮೇಲೆ ಅನಸೂಯಮ್ಮ ಮೊದಲ ಸಲ ಮುಳಬಾಗಿಲಿನ ಬೀಗರ ಮನೆಗೆ ಕಾಲಿಟ್ಟ ದಿನ, ಬೀಗರಾದ ಚನ್ನರಾಯಪ್ಪನವರು ಕಾಫಿಗೂ ಮುಂಚೆ ತೋರಿಸಿದ್ದು ತಮ್ಮ ಗಾಜಿನ ಬೀರು. ಒಳಗೆ ತಾಮ್ರದ ಬಣ್ಣದ ಎರಡು ಜಗ್ಗು. ಚಿನ್ನದ ಗಣಿಯ ಬಂಗಲೆಯಲ್ಲಿ ಇಂಗ್ಲೆಂಡಿನ ದೊರೆಗಳು ಬಿಟ್ಟುಹೋದವಂತೆ.

"ಇವು ನನ್ನ ಪ್ರಾಣ ಕಣಮ್ಮ" ಎಂದರು ಬೀಗರು. ಅನಸೂಯಮ್ಮನ ಕಣ್ಣಿಗೆ ಬಿದ್ದದ್ದು ಮಾತ್ರ ಅವುಗಳ ಮಂಕು. ಎಷ್ಟು ಕಾಲವಾಯಿತೋ ಪಾಪ, ಹುಳಿ ಕಂಡು!

ಮಗಳ ಮನೆಯಲ್ಲಿ ಕೂತು ಉಂಡರೆ ತಾಯಿಗೆ ಬೆಲೆಯಿಲ್ಲ ಎಂಬುದು ಅನಸೂಯಮ್ಮನ ಊರು ತಾಯಲೂರಿನ ಶಾಸ್ತ್ರ. ಸುನಂದ ಪೊರಕೆ ಮುಟ್ಟಲೂ ಬಿಡಲಿಲ್ಲ. "ಸುಮ್ನೆ ಕೂತ್ಕೋಮ್ಮಾ, ನನ್ನ ಮಾನ ಕಳೀಬೇಡ."

ಮಾರನೆಯ ದಿನ ಬೀಗರು, ಜಗ್ಗು ನೋಡಲು ಕೋಲಾರದಿಂದ ಬರುವ ಗೆಳೆಯ ಕೃಷ್ಣಮೂರ್ತಿಯನ್ನು ಕರೆತರಲು ಹೋದರು. ಸುನಂದ ತರಕಾರಿಗೆ ಹೋದಳು. ಅನಸೂಯಮ್ಮ ಒಂದು ಜಗ್ಗನ್ನು ಬಚ್ಚಲಿಗೆ ಒಯ್ದರು. ಬಡಿದರೆ ನಾದವಿಲ್ಲ (ತಗಡು ದಪ್ಪ ಇರಬೇಕು). ಒಳಗೆಲ್ಲ ಬೆಳ್ಳಗೆ (ದೊರೆಗಳ ಕಲಾಯಿ ಎಂದರೆ ಸುಮ್ಮನೆಯೇ!). ಹುಣಸೇಹಣ್ಣು, ಇಟ್ಟಿಗೆ ಪುಡಿ, ತೆಂಗಿನ ನಾರು ಹಾಕಿ ತಿಕ್ಕಿದರು. ನಾರಿಗೆ ಕೆಂಪು ಹತ್ತಿತು. ಕೊಳೆ ಬಿಡುತ್ತಿದೆಯೆಂದು ಉಮೇದು ಬಂತು. ಬಿಟ್ಟಷ್ಟೂ ತಿಕ್ಕಿದರು, ತಿಕ್ಕಿದಷ್ಟೂ ಬಿಟ್ಟಿತು. ಕಡೆಗೆ ಕಂಡದ್ದು ಕಂದು ಮಣ್ಣು!

ಅಯ್ಯೋ ದೇವುಡಾ, ಬೀಗರಿಗೆ ಯಾರೋ ಟೋಪಿ ಹಾಕಿದ್ದಾರೆ!

ಬಾಗಿಲು ಸದ್ದಾಗುತ್ತಲೇ ಜಗ್ಗು ಹಿಡಿದು ಓಡಿದರು. "ಬೀಗರೇ, ಮೋಸ ಹೋದ್ರಿ! ಇದು ತಾಮ್ರ ಅಲ್ಲ, ಬರೀ ಮಣ್ಣು! ನಾನೇ ತಿಕ್ಕಿ ಕಂಡುಹಿಡ್ದೆ!"

ಚನ್ನರಾಯಪ್ಪನವರು ಜಗ್ಗನ್ನು ಎರಡೂ ಕೈಯಲ್ಲಿ ಇಸಿದುಕೊಂಡರು. ಕೃಷ್ಣಮೂರ್ತಿ ಮೆಲ್ಲಗೆ ಹೇಳಿದರು: "ಮಣ್ಣಿಂದೇನೇ ಅಮ್ಮ. ಮೇಲೆ ತೆಳ್ಳಗೆ ತಾಮ್ರದ ಹೊಳಪಿನ ಲೇಪ ಇತ್ತಲ್ಲ, ಅದಕ್ಕೇ ಬೆಲೆ. ಅದನ್ನ ನೋಡೋಕೇ ಬಂದಿದ್ದು ನಾನು."

ಸೊಪ್ಪಿನ ಕಟ್ಟು ಹಿಡಿದು ಬಂದ ಸುನಂದ, "ಅಮ್ಮಾ..." ಎಂದವಳು ಕಟ್ಟನ್ನು ಅಲ್ಲೇ ನೆಲಕ್ಕೆ ಹಾಕಿದಳು. ಸೆರಗಿನಿಂದ ಮುಖ ಮುಚ್ಚಿಕೊಳ್ಳೋಣವೆಂದರೆ ಅನಸೂಯಮ್ಮನ ಕೈತುಂಬ ಹುಳಿ. ಬೀಗರ ಪ್ರಾಣ ಅವರ ಉಗುರಸಂದಿಯಲ್ಲಿ ಮಿರಮಿರ ಮಿಂಚುತ್ತಿತ್ತು.

ಯಾರೂ ಬೈಯಲಿಲ್ಲ, ಬೈದಿದ್ದರೆ ಊಟವಾದರೂ ಇಳಿಯುತ್ತಿತ್ತು. ಇನ್ನು ಈ ಮನೆಯ ಹೊಸಿಲು ತನಗೆ ಮುಚ್ಚಿದಂತೆಯೇ, ಮಗಳನ್ನು ನೋಡುವುದು ಹೇಗೆ ಎಂದು ತಲೆ ತಗ್ಗಿಸಿಕೊಂಡೇ ಸಂಜೆ ಬಸ್ಸಿಗೆ ಹೊರಟರು. ಬೀಗರು ಬಾಗಿಲವರೆಗೂ ಬಂದರು.

"ಮತ್ತೆ ಬರ್ತೀರಲ್ಲ ಅನಸೂಯಮ್ಮನೋರೇ?"

ಎಂಥ ದೊಡ್ಡ ಮನಸ್ಸು! ಅನಸೂಯಮ್ಮನ ಕಣ್ಣು ತುಂಬಿತು. "ಬರ್ತೀನಿ ಬೀಗರೇ, ನೀವು ಕರೆದ್ರೆ ಸಾಕು."

ಚನ್ನರಾಯಪ್ಪನವರು ಕೈ ಮುಗಿದರು. "ಬನ್ನಿ, ಖಂಡಿತ ಬನ್ನಿ. ಹಿಂದಿನ ದಿನ ಒಂದು ಫೋನ್ ಮಾಡ್ತೀರಾ? ಉಳಿದಿರೋ ಒಂದನ್ನ ಬ್ಯಾಂಕ್ ಲಾಕರ್‌ಗೆ ಇಟ್ಟು ಬರ್ಬೇಕು."