ಇಪ್ಪತ್ತು ನಿಮಿಷದ ಹಲಗೆ ವಾದನ

ಇವತ್ತು ಸಿಟ್ಟು ಮಾಡಿಕೊಳ್ಳಬಾರದು ಎಂದು ದಿನಾ ಬೆಳಗ್ಗೆ ಹಲ್ಲುಜ್ಜುವಾಗ ತೀರ್ಮಾನ ಮಾಡುತ್ತೇನೆ. ಹತ್ತು ಗಂಟೆಯೊಳಗೆ ಯಾರಾದರೂ ಬಂದು ಅದನ್ನು ಮುರಿದು ಕೊಡುತ್ತಾರೆ. ಮಸ್ಕತ್ತಿನಲ್ಲೂ ಹೀಗೇ ಆಗುತ್ತಿತ್ತು, ನೈರೋಬಿಯಲ್ಲೂ, ಗ್ಲಾಸ್ಗೋದಲ್ಲೂ. ಇಪ್ಪತ್ತೆರಡು ವರ್ಷ ಪ್ರವಾಸಿಗಳ ಗುಂಪು ಕಟ್ಟಿಕೊಂಡು ಊರೂರು ತಿರುಗಿ, ಮಂಡಿ ಕೈಕೊಟ್ಟ ಮೇಲೆ ಈಗ ಡಬ್ಲಿನ್ನಿನ ಒಂದು ಹಿರಿಯರ ಕೇಂದ್ರದಲ್ಲಿ ಚಟುವಟಿಕೆಗಳ ಉಸ್ತುವಾರಿ ನೋಡಿಕೊಂಡಿದ್ದೇನೆ. ಐರ್ಲೆಂಡಿನ ಡಬ್ಲಿನ್ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋದಿಂದ ಫ್ರೀವೇ ಹಿಡಿದು ಪೂರ್ವಕ್ಕೆ ಬಂದರೆ ಸಿಗುವ, ಎರಡು ಮನೆಗೊಂದು ಮನೆಯಲ್ಲಿ ಸಾಸಿವೆ ಸಿಡಿಯುವ ಡಬ್ಲಿನ್. ಚಟುವಟಿಕೆ ಎಂದರೆ ಬಿಂಗೋ, ಕುರ್ಚಿ ಯೋಗ, ಸಕ್ಕರೆ ಇಲ್ಲದ ಹುಟ್ಟುಹಬ್ಬದ ಕೇಕು. ಇಷ್ಟರಲ್ಲಿ ನೆಮ್ಮದಿಯಾಗಿ ಮುಗಿದುಹೋಗಬೇಕಿತ್ತು ನನ್ನ ಜೀವನ. ಆಗ ಬಂದರು ಲಂಡನ್ನಿನ ಒಬ್ಬ ಮುದುಕರು.

ಎಂಬತ್ತೇಳು ವರ್ಷ. ಕಂಕುಳಲ್ಲಿ, ಹಳೆಯ ಟವೆಲ್ಲಿನಲ್ಲಿ ಸುತ್ತಿದ ಒಂದು ಹಲಗೆ. ಅಡ್ಡಗೆರೆಗಳಿರುವ ತಗಡು ಬಡಿದ, ಹಿಂದಿನ ಕಾಲದವರು ಬಟ್ಟೆ ತಿಕ್ಕುತ್ತಿದ್ದ ಹಲಗೆ. "ಇಲ್ಲಿ ವಾಶಿಂಗ್ ಮಶೀನ್ ಇದೆ" ಎಂದೆ. ಅವರು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ.

ಅದು ವಾದ್ಯವಂತೆ. ಸಂಗೀತದ ಹೆಸರು ಸ್ಕಿಫಲ್. ಯುದ್ಧ ಮುಗಿದು ಹತ್ತು ವರ್ಷವಾದರೂ ಜೇಬು ಖಾಲಿಯಿದ್ದ ಇಂಗ್ಲೆಂಡಿನ ಹುಡುಗರು ಮನೆಯಲ್ಲಿ ಕೈಗೆ ಸಿಕ್ಕಿದ್ದನ್ನೇ ವಾದ್ಯ ಮಾಡಿಕೊಂಡು ರೈಲಿನ ಹಾಡು ಹೇಳುತ್ತಿದ್ದರು. ಚಹಾ ಪೆಟ್ಟಿಗೆಗೆ ಪೊರಕೆ ಕೋಲು ಸಿಕ್ಕಿಸಿ ದಾರ ಬಿಗಿದರೆ ಕೆಳಸ್ವರದ ಬೇಸು. ಅಗ್ಗದ ಒಂದು ಗಿಟಾರು. ಎಂಟು ಬೆರಳಿಗೆ ದರ್ಜಿಯವರ ಲೋಹದ ಬೆರಳುಟೋಪಿ, ಅಂಗುಸ್ತಾನ, ತೊಟ್ಟು ಅಮ್ಮನ ಹಲಗೆಯ ಮೇಲೆ ಗರಗರ ಎಳೆದರೆ ತಾಳ. ಹದಿನೇಳನೆಯ ವಯಸ್ಸಿಗೆ, ಲಂಡನ್ನಿನ ನೆಲಮಾಳಿಗೆಯ ಕಾಫಿ ಅಂಗಡಿಯೊಂದರಲ್ಲಿ ಇದನ್ನು ಮೊಟ್ಟಮೊದಲು ಬಾರಿಸಿದ ನಾಲ್ಕೈದು ಜನರಲ್ಲಿ ಇವರೊಬ್ಬರು. ಎರಡೇ ವರ್ಷದಲ್ಲಿ ಬೀದಿಗೊಂದು ತಂಡ ಹುಟ್ಟಿತು. ಆಮೇಲೆ ಆ ಬೀದಿ ಹುಡುಗರು ಕರೆಂಟಿನ ಗಿಟಾರು ಕೊಂಡು ಲೋಕಪ್ರಸಿದ್ಧರಾದರು. ಇವರು ಹಡಗಿನ ಬ್ಯಾಂಡು ಸೇರಿ, ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದು, ಒಬ್ಬ ನರ್ಸನ್ನು ಮದುವೆಯಾಗಿ, ಮೂವತ್ತು ವರ್ಷ ಸ್ಕೂಲ್ ಬಸ್ಸು ಓಡಿಸಿದರು.

"ಎಲ್ಲಿ ಹೋದರೂ ನನಗೆ ಸಿಕ್ಕಿದ್ದು ಒಂದೇ ನಿಮಿಷ ಕಣಮ್ಮ. ಹಾಡುವವನು ನೀರು ಕುಡಿಯುವಷ್ಟು ಹೊತ್ತು ಬಾರಿಸು ಅನ್ನೋರು. ಒಂದು ಕುರ್ಚಿ, ಒಂದು ಮೈಕು, ಇಪ್ಪತ್ತು ನಿಮಿಷ. ಅಷ್ಟು ಯಾರೂ ಕೊಡಲಿಲ್ಲ." ಸಂಧಿವಾತದಿಂದ ಬೆರಳು ಶುಂಠಿಯ ಹಾಗೆ ಗಂಟುಕಟ್ಟಿದ್ದವು. ಮುಂದಿನ ವರ್ಷ ಅಂಗುಸ್ತಾನ ಏರುವುದಿಲ್ಲ ಎಂದು ಡಾಕ್ಟರೇ ಹೇಳಿದ್ದರಂತೆ.

"ರೆಕಾರ್ಡಿನಲ್ಲಿ ನಿಮ್ಮ ಹೆಸರಿಲ್ಲವೇ?" ಎಂದು ಕೇಳಿದೆ.

"ಇದೆ. 'ಮತ್ತು ಇತರರು' ಅಂತ ಇದೆಯಲ್ಲ, ಅದು ನಾನು."

ನನಗೆ ರೇಗಿಹೋಯಿತು. ಇಪ್ಪತ್ತು ನಿಮಿಷ ನಾನು ಕೊಡಿಸುತ್ತೇನೆ ಎಂದುಬಿಟ್ಟೆ.

ಯಾವ ಊರು

ಮೊದಲು ನಮ್ಮ ಕೇಂದ್ರದ ಮ್ಯಾನೇಜರನ್ನೇ ಕೇಳಿದೆ. ಆಕೆ ಒಳ್ಳೆಯ ಹೆಂಗಸು. ಕಿವಿ ಮಾತ್ರ ಅಲಂಕಾರಕ್ಕಿದೆ. ಮಾರ್ಚ್ ತಿಂಗಳು ಐರಿಶ್ ಹಬ್ಬ ಬರುತ್ತದಲ್ಲ, ಅವತ್ತು ಬಾರಿಸಲಿ ಎಂದಳು. ಹಬ್ಬಕ್ಕೆ ಎರಡು ದಿನ ಮುಂಚೆ ಹೋಗಿ ನೋಡಿದರೆ ಮುದುಕರ ಕುರ್ಚಿಯ ಮೇಲೆ ಹಸಿರು ಟೋಪಿ, ಹಸಿರು ಕೋಟು, ಕಿತ್ತಳೆ ಬಣ್ಣದ ಗಡ್ಡ. ಗೋಡೆಯ ಮೇಲೆ "ಐರ್ಲೆಂಡಿನಿಂದ ನಮ್ಮ ಡಬ್ಲಿನ್ನಿಗೆ!" ಎಂಬ ಪೋಸ್ಟರು.

"ಇವರು ಲಂಡನ್ನಿನವರು" ಎಂದೆ.

"ಗೊತ್ತು. ಅದು ಡಬ್ಲಿನ್ ಪಕ್ಕವೇ ಅಲ್ಲವೇ?"

"ನಡುವೆ ಸಮುದ್ರ ಇದೆ. ಎಂಟುನೂರು ವರ್ಷದ ಜಗಳವೂ ಇದೆ."

"ಸಂಗೀತಕ್ಕೆ ಗಡಿ ಇಲ್ಲ" ಎಂದಳು. ಗಡಿ ಇಲ್ಲ ಅನ್ನುವವರು ಯಾವಾಗಲೂ ಇನ್ನೊಬ್ಬರ ಅಂಗಳದಲ್ಲಿ ನಿಂತೇ ಹೇಳುತ್ತಾರೆ. ಇಷ್ಟು ದೇಶ ತಿರುಗಿ ನಾನು ಕಲಿತದ್ದು ಅಷ್ಟು. ಮುದುಕರು ಗಡ್ಡವನ್ನು ಎರಡು ಬೆರಳಲ್ಲಿ ಸತ್ತ ಇಲಿಯ ಹಾಗೆ ಹಿಡಿದು ಕಸದ ಬುಟ್ಟಿಗೆ ಬಿಟ್ಟು ಹೊರಟುಹೋದರು. ನಾನು ಅರ್ಧ ಗಂಟೆ ಆಕೆಯ ಆಫೀಸಿನಲ್ಲಿ ನಿಂತು ಭೂಗೋಳ ಪಾಠ ಮಾಡಿದೆ. ಆಕೆ ಕ್ಷಮೆ ಕೇಳಿದಳು, ಪೋಸ್ಟರನ್ನು ತಿದ್ದಿಸುತ್ತೇನೆ ಎಂದಳು. ಮರುದಿನ ತಿದ್ದಿಸಿಯೂ ಇದ್ದಳು:

"ಲಂಡನ್ನಿನ ಹೆಮ್ಮೆಯ ಐರಿಶ್ ಕಲಾವಿದ."

ಬಾಚಣಿಗೆ

ಆಮೇಲೆ ರೆಡ್‌ವುಡ್ ಸಿಟಿಯಿಂದ ಒಬ್ಬ ಬಂದ. ವಾರದ ದಿನ ಸಾಫ್ಟ್‌ವೇರು, ವಾರಾಂತ್ಯ ಪಾಡ್‌ಕಾಸ್ಟು. ಹಳೆಯ ಸಂಗೀತದ ಚರಿತ್ರೆಯನ್ನು ಕೆದಕುವುದು ಅವನ ಹವ್ಯಾಸ. ಮುದುಕರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹಲಗೆಯನ್ನು ನಿಂಬೆಹಣ್ಣಿನಲ್ಲಿ ಉಜ್ಜಿ ಬೆಳಗಿಸಿಕೊಂಡು ಕೂತರು. ಎರಡು ಗಂಟೆ ಮಾತಾಡಿದರು. ತಗಡಿನ ಗೆರೆ ಎಷ್ಟು ಆಳವಿದ್ದರೆ ಎಂಥ ನಾದ, ಹೆಬ್ಬೆರಳನ್ನು ಯಾಕೆ ಬಿಡಬೇಕು, ರೈಲು ಸೇತುವೆ ದಾಟುವ ಸದ್ದು ಹೇಗೆ ಬರುತ್ತದೆ, ಎಲ್ಲ ಬಾರಿಸಿ ತೋರಿಸಿದರು. ನಾನು ಪಕ್ಕದಲ್ಲೇ ಇದ್ದೆ. ಇಪ್ಪತ್ತು ನಿಮಿಷ ಇಲ್ಲೇ ಸಿಕ್ಕಿಬಿಟ್ಟಿತು ಎಂದು ಒಳಗೊಳಗೇ ಖುಷಿಪಟ್ಟೆ.

ಆ ಹುಡುಗನ ಪ್ರಶ್ನೆ ಒಂದೇ. "ನಿಮ್ಮ ತಂಡದಲ್ಲಿ ಹಾಡುತ್ತಿದ್ದವರು ಆಮೇಲೆ ತುಂಬಾ ಫೇಮಸ್ ಆದರಲ್ಲ, ಅವರು ಹೇಗಿದ್ದರು?"

ಏಳನೆಯ ಸಲ ಕೇಳಿದಾಗ ಮುದುಕರು ಹೇಳಿದರು, "ನನ್ನ ಬಾಚಣಿಗೆ ತಗೊಂಡು ಹೋದ. ವಾಪಸು ಕೊಡಲಿಲ್ಲ."

ಮೂರು ವಾರದ ಮೇಲೆ ಕಾರ್ಯಕ್ರಮ ಬಂತು. ಒಂದು ಗಂಟೆ. ಅದರಲ್ಲಿ ನಮ್ಮವರ ಧ್ವನಿ ಹನ್ನೊಂದು ಸೆಕೆಂಡು, ಹಲಗೆಯ ಧ್ವನಿ ಸೊನ್ನೆ. ನಾನು ಫೋನು ಮಾಡಿ, "ಏನಪ್ಪಾ, ಚರಿತ್ರೆ ಬರೆದವರನ್ನೇ ಬಿಟ್ಟು ಎಂಥ ಚರಿತ್ರೆ ಮಾಡಿದ್ದೀಯ?" ಎಂದು ಝಾಡಿಸಿದೆ.

ಅವನಿಗೆ ಬೇಜಾರಾಗಲೇ ಇಲ್ಲ. "ಅಯ್ಯೋ, ಅವರ ಭಾಗಕ್ಕೇ ಜಾಸ್ತಿ ಲೈಕ್ ಬಂದಿರೋದು ಆಂಟಿ. ಇನ್ನೊಂದು ಎಪಿಸೋಡು ಮಾಡೋಣ. ಬಾಚಣಿಗೆ ಯಾವ ಬಣ್ಣದ್ದು ಅಂತ ಸ್ವಲ್ಪ ಕೇಳಿ ಹೇಳ್ತೀರಾ?"

ಶ್ರುತಿ

ಊರಲ್ಲಿ ಉಡುಪಿ ಕಡೆಯ ಒಬ್ಬರು ಸಂಗೀತ ಟೀಚರು ಇದ್ದಾರೆ. ವರ್ಷಕ್ಕೊಮ್ಮೆ ಕಮ್ಯುನಿಟಿ ಹಾಲಿನಲ್ಲಿ ಶಿಷ್ಯರಿಂದ ಕಛೇರಿ ಮಾಡಿಸುತ್ತಾರೆ. ಅವರ ಬಳಿ ಹೋದೆ.

"ಬಟ್ಟೆ ಒಗೆಯುವ ಹಲಗೆಯಾ? ಕಛೇರಿಯಲ್ಲಾ?" ಎಂದರು.

"ಮಡಕೆ ಬಾರಿಸಿದರೆ ವಿದ್ವಾನ್ ಅನ್ನುತ್ತೀರಿ. ಹಲಗೆ ಏನು ಪಾಪ ಮಾಡಿದೆ?"

"ಘಟ ಬೇರೆ ಮಾರಾಯ್ತಿ. ಅದು ವಾದ್ಯ. ಇದು ಸಾಮಾನು."

"ಘಟಕ್ಕೆ ನೀರು ತುಂಬಿಸಿಟ್ಟರೆ?"

"ಆಗ ಅದೂ ಸಾಮಾನು."

"ಹಾಗಾದರೆ ಹಲಗೆಯ ಮೇಲೆ ಬಟ್ಟೆ ಇಲ್ಲದಾಗ?"

ಟೀಚರು ನ್ಯಾಯವಂತರು, ಒಪ್ಪಲೇಬೇಕು. "ಆಯಿತು, ಹತ್ತು ನಿಮಿಷ ನೋಡುವ. ಆದರೆ ಮೃದಂಗದ ಜೊತೆ ಕೂರಬೇಕಾದರೆ ಶ್ರುತಿ ಸೇರಬೇಕಲ್ಲ. ಅವರ ಶ್ರುತಿ ಯಾವುದು ಅಂತ ಕೇಳಿಕೊಂಡು ಬಾ."

ಬಂದು ಕೇಳಿದೆ. ಮುದುಕರು ಹಲಗೆಯನ್ನು ತಿರುಗಿಸಿ, ಕನ್ನಡಕ ಏರಿಸಿ, ಹಿಂಬದಿಯ ಅಚ್ಚನ್ನು ಓದಿ ಗಂಭೀರವಾಗಿ ಹೇಳಿದರು:

"ಸತು."

ಎರಡು ಪದ ಕಟ್

ಸತುವಿನ ಶ್ರುತಿಗೆ ಮೃದಂಗ ಸೇರಲಿಲ್ಲ; ಉಳಿದದ್ದು ಕನ್ನಡ ಕೂಟ. ಅದರ ಸಾಂಸ್ಕೃತಿಕ ಕಾರ್ಯದರ್ಶಿ ಮಂಡ್ಯದ ಹುಡುಗಿ, ಮೀಟಿಂಗುಗಳ ನಡುವೆ ಉಸಿರಾಡುವವಳು. ಅಚ್ಚರಿಯೆಂದರೆ ಮೊದಲ ಫೋನಿಗೇ ಒಪ್ಪಿದಳು. "ಟ್ವೆಂಟಿ ಮಿನಿಟ್ಸ್ ಸ್ಲಾಟ್ ಕೊಡ್ತೀನಿ ಆಂಟಿ, ಕನ್ಫರ್ಮ್ಡ್. ಬಟ್ ಒಂದೇ ಕಂಡೀಶನ್ನು. ಪ್ರೋಗ್ರಾಂ ಶೀಟು ಪ್ಯೂರ್ ಕನ್ನಡದಲ್ಲಿರ್ಬೇಕು. ಒಂದೂ ಇಂಗ್ಲಿಷ್ ವರ್ಡ್ ಅಲೋ ಮಾಡಲ್ಲ, ಸ್ಟ್ರಿಕ್ಟ್ ಪಾಲಿಸಿ."

ವಾಶ್‌ಬೋರ್ಡನ್ನು ಕನ್ನಡ ಮಾಡಲು ಕೂತೆ. ಕಷ್ಟವೇನಿಲ್ಲ. "ಬಟ್ಟೆ ಒಗೆಯುವ ಹಲಗೆ ವಾದನ, ಇಪ್ಪತ್ತು ನಿಮಿಷ" ಎಂದು ಬರೆದು ಕಳಿಸಿದೆ. ಮುದುಕರು ಅವತ್ತಿನಿಂದ ದಿನಾ ಬೆರಳಿಗೆ ಬಿಸಿ ಹರಳೆಣ್ಣೆ ಹಚ್ಚಿಸಿಕೊಳ್ಳತೊಡಗಿದರು. ಗಿಟಾರಿಗೂ ಹಾಡುವುದಕ್ಕೂ ಮಂಗಳೂರಿನ ಕೊಂಕಣಿ ನಿವೃತ್ತರೊಬ್ಬರು ಸಿಕ್ಕಿದರು. ಕೋಲಿನ ದಾರ ಎಳೆಯುವುದನ್ನು ನಾನೇ ಕಲಿತೆ.

ವಾರದ ಹಿಂದೆಯೇ ಎಲ್ಲರಿಗೂ ವಾಟ್ಸಾಪಿನಲ್ಲಿ ಹೋಗಿದ್ದ ಶೀಟು ಕಾರ್ಯಕ್ರಮದ ದಿನ ಮಧ್ಯಾಹ್ನ ನನ್ನ ಕೈಗೆ ಬಂತು. "ಹಲಗೆ ವಾದನ, ಇಪ್ಪತ್ತು ನಿಮಿಷ." ಅಷ್ಟೇ.

"ಬಟ್ಟೆ ಒಗೆಯುವ ಅನ್ನೋದು ಎಲ್ಲಿ?" ಎಂದೆ.

"ಸ್ಟೇಜ್ ಪ್ರೋಗ್ರಾಮಲ್ಲಿ ಒಗೆಯೋದು ಗಿಗೆಯೋದು ಅಂದ್ರೆ ಚೀಪಾಗಿ ಕಾಣುತ್ತೆ ಆಂಟಿ. ಕಟ್ ಮಾಡ್ದೆ."

ಹಾಸನದವಳಾದ ನನಗೆ ಹಲಗೆ ಎಂದರೆ ಮರದ ಹಲಗೆ. ಮಂಡ್ಯದ ಅವಳಿಗೂ ಅಷ್ಟೇ. ಆದರೆ ಸಭೆಯ ಮುಂದಿನ ಎರಡು ಸಾಲು ತುಂಬಾ ಎಂದೂ ಕೂಟಕ್ಕೆ ಬಾರದ ಉತ್ತರ ಕರ್ನಾಟಕದವರು ಬಂದು ಕೂತಿದ್ದರು. ನಡುವೆ ಬಾಗಲಕೋಟೆ ಕಡೆಯ ಒಬ್ಬ ಅಜ್ಜಿ. ಮಾರ್ಗನ್ ಹಿಲ್ಲಿನ ಮಗಳ ಮನೆಯಿಂದ ಒಂದು ಗಂಟೆ ಕಾರಿನಲ್ಲಿ ಬಂದಿದ್ದಳು. ನಾನು ಮೈಕು ಜೋಡಿಸುತ್ತಿದ್ದಾಗ ಕರೆದು ಕೇಳಿದಳು, "ಏನವ್ವಾ, ಹಲಗಿ ಬೆಂಕಿಗೆ ಕಾಸೀರೇನು? ಇಲ್ಲಂದ್ರ ನಾದ ಬರೂದಿಲ್ಲ."

ಆಗ ಹೊಳೆಯಿತು. ಅವರ ಕಡೆ ಹಲಗಿ ಎಂದರೆ ಹೋಳಿ ಹಬ್ಬದಲ್ಲಿ ಕುಣಿಸುವ ಚರ್ಮದ ವಾದ್ಯ. ಇಷ್ಟು ಜನ ಬಂದಿದ್ದು ಅದಕ್ಕೆ. ತೆರೆ ಸರಿಯಿತು, ಮುದುಕರು ಟವೆಲ್ ಬಿಚ್ಚಿದರು. ಅಜ್ಜಿಯ ಪಕ್ಕದಲ್ಲಿದ್ದ ಮೊಮ್ಮಗಳು ಮೊದಲ ಬಾರಿಗೆ ಫೋನಿನಿಂದ ತಲೆಯೆತ್ತಿ ಇಡೀ ಹಾಲಿಗೆ ಕೇಳುವ ಹಾಗೆ ಹೇಳಿದಳು:

"ಅಜ್ಜಿ, ದಟ್ಸ್ ಫಾರ್ ಲಾಂಡ್ರಿ."

ಹಲಗಿ

ಇಷ್ಟಾದರೂ ಶುರು ಮಾಡಿದೆವು. ಮೊದಲ ಹಾಡು ಮುಗಿದು ಎರಡನೆಯದು ಅರ್ಧಕ್ಕೆ ಬಂದಿತ್ತು. ನಿರೂಪಕ ಶೆರ್ವಾನಿ ಸರಿಪಡಿಸಿಕೊಳ್ಳುತ್ತಾ ಪಕ್ಕದಿಂದ ಬಂದು ನನ್ನ ಕಿವಿಯಲ್ಲಿ, "ಮೇಡಂ, ಸೀರೆ ರ‍್ಯಾಂಪ್ ವಾಕು ಲೇಟಾಗಿದೆ. ನಿಮ್ದು ಐದು ನಿಮಿಷಕ್ಕೆ ಮುಗಿಸಿಬಿಡಿ" ಎಂದ.

"ಇಪ್ಪತ್ತು ಅಂತ ಬರೆದಿದೆ."

"ಅದು ಅಂದಾಜು ಮೇಡಂ."

ಕೈಯಲ್ಲಿ ಪೊರಕೆ ಕೋಲಿತ್ತು. ದಾರ ಕಟ್ಟಿರದಿದ್ದರೆ ಆ ದಿನ ಏನಾಗುತ್ತಿತ್ತೋ ಹೇಳಲಾರೆ. ಮುದುಕರಿಗೆ ಭಾಷೆ ಬಾರದಿದ್ದರೂ ವಿಷಯ ತಿಳಿಯಿತು. ಎಪ್ಪತ್ತು ವರ್ಷದಿಂದ ನೋಡಿದ ಮುಖಭಾವ ಅದು. ಹಾಡು ನಿಲ್ಲಿಸಿ, ಒಂದು ಅಂಗುಸ್ತಾನ ಕಳಚಿ ಜೇಬಿಗೆ ಹಾಕಿಕೊಂಡರು. ಎರಡನೆಯದಕ್ಕೆ ಕೈ ಹಾಕಿದರು.

ಆ ಪಿಸುಮಾತೆಲ್ಲ ಮೈಕಿನಲ್ಲಿ ಕೇಳಿಸಿಕೊಂಡಿದ್ದ ಅಜ್ಜಿ ಅಷ್ಟರಲ್ಲಿ ಎದ್ದಳು.

"ಏ ತಮ್ಮಾ, ಇಲ್ಲಿ ಬಾ. ಚೀಟ್ಯಾಗ ಏನ್ ಬರದೀರಿ? ಇಪ್ಪತ್ತು ನಿಮಿಷ ಹಲಗಿ. ಹಲಗಿ ಅಂತೂ ಅಲ್ಲ ಇದು. ತಡಕೊಂಡೇನಿ. ಈಗ ಇಪ್ಪತ್ತು ನಿಮಿಷಾನೂ ಅಲ್ಲಂದ್ರ ಹೆಂಗ? ದಿನಕ್ಕ ಒಂದ ಸುಳ್ಳು ಸಾಕು."

ಎರಡು ಸಾಲು ಚಪ್ಪಾಳೆ ತಟ್ಟಿತು. ನಿರೂಪಕ ಶೆರ್ವಾನಿ ಸಮೇತ ಮಾಯವಾದ. ನಾನು ಅಜ್ಜಿಯ ಮಾತನ್ನು ಇಂಗ್ಲಿಷಿಗೆ ಹೇಳಿದೆ. ಮುದುಕರು ಅಂಗುಸ್ತಾನವನ್ನು ಜೇಬಿನಿಂದ ತೆಗೆದು, ಗಂಟುಬೆರಳಿಗೆ ತಿರುಪಿ ತಿರುಪಿ ಏರಿಸಿ, ಬಾರಿಸಿದರು. ಅಂಥದ್ದನ್ನು ನಾನು ಎಲ್ಲೂ ಕೇಳಿಲ್ಲ. ಸುರಂಗ, ಸೇತುವೆ, ತಿರುವು, ಇಡೀ ರೈಲು ಆ ತಗಡಿನ ಮೇಲೆ ಹೋಯಿತು. ನಾಲ್ಕನೆಯ ಹಾಡು ಮುಗಿದಾಗ ಇಡೀ ಸಭೆ ಎದ್ದು ನಿಂತಿತ್ತು.

ಮುದುಕರು ನನ್ನ ಕಡೆ ಬಾಗಿ ಪಿಸುಗುಟ್ಟಿದರು. "ಮುಗೀತು."

"ಏನು ಮುಗೀತು? ಹನ್ನೊಂದೇ ನಿಮಿಷ ಆಗಿದೆ."

"ನನಗೆ ಬರೋದೆಲ್ಲ ಮುಗೀತು. ಆಗಿನ ಕಾಲದ ರೆಕಾರ್ಡಿನಲ್ಲಿ ಒಂದು ಹಾಡಿಗೆ ಎರಡೂವರೆ ನಿಮಿಷಕ್ಕಿಂತ ಜಾಗ ಇರಲಿಲ್ಲ. ನಮ್ಮದು ಒಟ್ಟು ನಾಲ್ಕೇ ಹಾಡು."

ನಾನು ಮೈಕಿನ ಕಡೆ ಹೊರಟೆ, ಧನ್ಯವಾದ ಹೇಳಿ ಮುಗಿಸೋಣವೆಂದು. ಅಜ್ಜಿ ಕೈಯಲ್ಲಿ ಮೊಮ್ಮಗಳ ಫೋನು, ಅದರಲ್ಲಿ ಗಡಿಯಾರ. "ಯಾಕ ನಿಂತ? ಇನ್ನ ಒಂಬತ್ತು ನಿಮಿಷ ಐತಿ. ಜಗಳಾಡಿ ಕೊಡಸೇನಿ, ಬಾರಸ್ಲಿ."

"ಬರೋದೆಲ್ಲ ಮುಗಿದಿದೆಯಂತೆ ಅಜ್ಜಿ."

"ಹಂಗಾದ್ರ ನಾ ಹೇಳಿಕೊಡ್ತೀನಿ ಅನ್ನು" ಎಂದು ತಾನು ಕೂತಿದ್ದ ತಗಡಿನ ಮಡಚು ಕುರ್ಚಿಯನ್ನು ವೇದಿಕೆಗೆ ಎಳೆದುಕೊಂಡು ಬಂದು, ಅದರ ಬೆನ್ನಿಗೆ ಎರಡು ಕೈಯಲ್ಲೂ ಹೊಡೆಯತೊಡಗಿದಳು. ಹೋಳಿಯ ಹೊಡೆತ. ಮುದುಕರು ಎರಡು ಸುತ್ತು ಬಾಯಿ ಬಿಟ್ಟುಕೊಂಡು ಕೇಳಿದರು, ಮೂರನೆಯ ಸುತ್ತಿಗೆ ಸೇರಿಕೊಂಡರು. ಅವರು ನಿಧಾನಿಸಿದರೆ ಅಜ್ಜಿ ಬಿಡುವವಳಲ್ಲ, ಕುರ್ಚಿಯನ್ನು ಇನ್ನೂ ಹತ್ತಿರ ಎಳೆಯುವಳು. ಒಂಬತ್ತು ನಿಮಿಷ, ಒಂದು ಸೆಕೆಂಡು ಕಡಿಮೆಯಿಲ್ಲ. ಪಕ್ಕದಲ್ಲಿ ರ‍್ಯಾಂಪ್ ವಾಕಿನ ಹೆಂಗಸರು ಕಾಯುವುದು ಬಿಟ್ಟು ಆ ತಾಳಕ್ಕೇ ನಡೆಯತೊಡಗಿದ್ದರು.

ವೇದಿಕೆಯ ಹಿಂದೆ ಮುದುಕರು ಬೆವರಿ ತೊಪ್ಪೆಯಾಗಿ ಕೂತರು. ನಾನು ಒಂದೊಂದೇ ಅಂಗುಸ್ತಾನ ಕಳಚುತ್ತಿದ್ದೆ. ಅಜ್ಜಿ ಬಂದು ನಿಂತು ನನಗೆ ಹೇಳಿದಳು, "ಚಲೋ ಕೈ ಐತಿ. ನಮ್ಮೂರಾಗ ಹೋಳಿ ಹಬ್ಬಕ್ಕ ಐದು ದಿನ ಬಿಡದ ಬಾರಸ್ತಾರ, ಬರ್ತಾನೇನು ಕೇಳು."

ಕೇಳಿದೆ. ಮುದುಕರು ತಮ್ಮ ಊದಿಕೊಂಡ ಬೆರಳುಗಳನ್ನು ನೋಡಿಕೊಂಡರು. ಸುಖವೋ ಸಂಕಟವೋ ಗೊತ್ತಾಗಲಿಲ್ಲ. ತಲೆಯೆತ್ತಿದಾಗ ಮಾತ್ರ ಅವರಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

"ಎಪ್ಪತ್ತು ವರ್ಷ ಇಪ್ಪತ್ತು ನಿಮಿಷ ಕೊಡಲಿಲ್ಲ ಅಂತ ಊರವರನ್ನೆಲ್ಲ ಬೈದುಕೊಂಡು ಬಂದೆನಲ್ಲ," ಎಂದರು, "ಇಪ್ಪತ್ತು ನಿಮಿಷ ಅಂದರೆ ಇಷ್ಟು ಉದ್ದ ಇರುತ್ತೆ ಅಂತ ಒಬ್ಬನಾದರೂ ಹೇಳಬಾರದಿತ್ತಾ?"